ಕೊಟ್ಟಾಯಂ ದರ ನೋಡಿ ಕೆಟ್ಟೆ, ಬ್ಯಾಂಕಾಕ್ ದರ ನೋಡಲು ಕಲಿತೆ

ಬಳ್ಳಾರಿ ಜಿಲ್ಲೆಯಲ್ಲಿ ರಬ್ಬರ್ ತೋಟ ಹುಡುಕಿದರೆ ಸಿಗುವುದಿಲ್ಲ. ಮರ ನೋಡಬೇಕೆಂದರೆ ಘಟ್ಟ ಇಳಿದು ಸುಳ್ಯ, ಪುತ್ತೂರಿನ ಕಡೆ ಹೋಗಬೇಕು. ಸವೆದು ಬೋಳಾದ ಲಾರಿ ಟೈರ್ ನೋಡಲು ಮಾತ್ರ ನಮ್ಮೂರಿಗಿಂತ ಒಳ್ಳೆಯ ಜಾಗವಿಲ್ಲ. ಸಂಡೂರಿನ ಗಣಿಗಳಿಂದ ತೋರಣಗಲ್ಲಿಗೆ ಅದಿರು ಹೊರುವ ಲಾರಿಗಳ ಟೈರ್‌ಗಳನ್ನು ಉಜ್ಜಿ, ಹೊಸ ಟ್ರೆಡ್ (ನೆಲಕ್ಕೆ ತಾಗುವ ಮೇಲ್ಪದರ) ಕೂರಿಸಿ, ಚೇಂಬರಿನಲ್ಲಿ ಬೇಯಿಸಿ ಕೊಡುವುದೇ ನನ್ನ ಕಸುಬು. ಜನ ಇದನ್ನು ರಿಸೋಲಿಂಗ್ ಎನ್ನುತ್ತಾರೆ. ಥಾಯ್ಲೆಂಡಿನ ರಬ್ಬರ್ ದರವನ್ನು ವಾರವಾರವೂ ಬರೆದಿಡುವ ಗೀಳು ನನಗೆ ಹತ್ತಿದ್ದು ಓದಿನಿಂದಲ್ಲ, ಪೆಟ್ಟು ತಿಂದು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ನನ್ನ ಕೆಲಸ ಅರ್ಧಕ್ಕಿಳಿದಿತ್ತು. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ತೆಗೆಯಲು ಹೇಳಿದಾಗ ಲಾರಿ ಮಾಲೀಕರೆಲ್ಲ ಒಮ್ಮೆಲೇ ಎದ್ದು ಕುಳಿತರು. ಅದೇ ದಿನಗಳಲ್ಲಿ ಕೇರಳದ ರಬ್ಬರ್ ಪೇಟೆ ಕೊಟ್ಟಾಯಂನಲ್ಲಿ ಆರ್‌ಎಸ್‌ಎಸ್-4 ಎಂಬ ದರ್ಜೆಯ, ಹೊಗೆಯಲ್ಲಿ ಒಣಗಿಸಿದ ಹಾಳೆ ರಬ್ಬರ್ ಕಿಲೋಗೆ ₹243 ಮುಟ್ಟಿತ್ತು. ಕೇರಳದ ವ್ಯಾಪಾರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ‘ಸಾರ್, ಮುನ್ನೂರಾಗುತ್ತದೆ, ಈಗಲೇ ತೆಗೆದುಕೊಳ್ಳಿ.’ ಸಾಲ ಮಾಡಿ ಎರಡು ಟನ್ ಹಸಿ, ಅಂದರೆ ಇನ್ನೂ ಬೇಯಿಸದ, ಟ್ರೆಡ್ ರಬ್ಬರ್ ಇಳಿಸಿಕೊಂಡೆ. ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತವು. ಹಸಿ ರಬ್ಬರ್ ಕಬ್ಬಿಣದಂತಲ್ಲ, ಇಟ್ಟಷ್ಟು ದಿನ ಇರುವುದಿಲ್ಲ. ನಮ್ಮ ತಗಡಿನ ಗೋದಾಮಿನ ಕಾವಿಗೆ ಅದು ತಾನೇ ಅರೆಬೆಂದು ಅಂಟು ಕಳೆದುಕೊಳ್ಳುತ್ತದೆ. ಅರ್ಧ ಮಾಲು ಹಾಗೆಯೇ ಹೋಯಿತು. ಉಳಿದದ್ದನ್ನು ಮಾರುವ ಹೊತ್ತಿಗೆ ಕೊಟ್ಟಾಯಂ ದರ ₹200ರ ಆಸುಪಾಸಿಗೆ ಇಳಿದಿತ್ತು.

ಕೋರ್ಟ್ ಏನು ಹೇಳುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಆದರೆ ರಬ್ಬರ್ ಇಳಿಯಬಹುದೆಂಬುದು ಗೊತ್ತಾಗಬೇಕಿತ್ತು. ಟೋಕಿಯೊ ಪೇಟೆಯಲ್ಲಿ ರಬ್ಬರ್ ಫೆಬ್ರುವರಿಯಲ್ಲೇ ತುದಿ ಮುಟ್ಟಿ, ಮಾರ್ಚ್ 11ರ ಜಪಾನ್ ಭೂಕಂಪದ ನಂತರ ಕುಸಿದಿತ್ತು. ನಾನು ಕೊಂಡದ್ದು ಏಪ್ರಿಲ್‌ನಲ್ಲಿ. ಹೊರಗಿನ ಪೇಟೆ ಆಗಲೇ ನಡುಗಿದ್ದಾಗ ನಾನು ಒಳಗಿನ ಪೇಟೆಯೊಂದನ್ನೇ ನೋಡುತ್ತಿದ್ದೆ.

ಕೇಂದ್ರ ಸರ್ಕಾರದ ರಬ್ಬರ್ ಮಂಡಳಿ ದಿನವೂ ಎರಡೂ ದರ ಕೊಡುತ್ತದೆ. ಕೊಟ್ಟಾಯಂನ ಆರ್‌ಎಸ್‌ಎಸ್-4 ಒಂದು ಕಡೆ, ಬ್ಯಾಂಕಾಕಿನ ಆರ್‌ಎಸ್‌ಎಸ್-3 ಇನ್ನೊಂದು ಕಡೆ. ಕ್ವಿಂಟಲ್ ಲೆಕ್ಕ, ರೂಪಾಯಿಯಲ್ಲೇ ಇರುತ್ತದೆ. ಇವೆರಡನ್ನು ಹೆಚ್ಚುಕಡಿಮೆ ಸಮಾನ ಮಾಲು ಎಂದು ಪೇಟೆ ಎಣಿಸುತ್ತದೆ. ಗಟ್ಟಿ ರಬ್ಬರ್, ಅಂದರೆ ಬ್ಲಾಕ್, ಬೇರೆಯದೇ ಸಾಲು. ಅದಕ್ಕೆ ಕ್ವಾಲಾಲಂಪುರ ದರ. ನಮ್ಮ ಟೈರ್ ಕಂಪನಿಗಳು ಹೆಚ್ಚಾಗಿ ತರಿಸುವುದು ಬ್ಲಾಕನ್ನೇ. ಹಾಗಾಗಿ ಹಾಳೆಯ ದರಕ್ಕೆ ಬ್ಲಾಕಿನ ದರ ಹೋಲಿಸಿ ‘ಆಮದು ಅಗ್ಗ’ ಎಂದು ಕುಣಿಯುವುದು ಸೋನಾ ಮಸೂರಿಗೆ ರೇಷನ್ ಅಕ್ಕಿಯ ದರ ಹೋಲಿಸಿದ ಹಾಗೆ.

ನನ್ನ ಪುಸ್ತಕದಲ್ಲಿ ಮೂರನೆಯ ಅಂಕಣವೂ ಇದೆ: ಹೊರಗಿನ ರಬ್ಬರ್ ಸುಂಕ ಕಟ್ಟಿ ನಮ್ಮ ಬಂದರು ದಾಟುವಾಗ ಎಷ್ಟಾಗುತ್ತದೆ ಎಂಬುದು. ಒಣ ರಬ್ಬರಿಗೆ, ಅಂದರೆ ಹಾಳೆ, ಬ್ಲಾಕಿಗೆ, ಆಮದು ಸುಂಕ ಶೇ 25 ಅಥವಾ ಕಿಲೋಗೆ ₹30, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇದನ್ನು ಮೊದಲ ಸಲ ಓದಿದಾಗ ನಾನೂ ಶೇ 25 ಎಂದೇ ತಿಳಿದೆ. ಕಾಗದದ ಮೇಲೆ ಗುಣಿಸಿ ನೋಡಿದ ಮೇಲೆ ಗುಟ್ಟು ಕಂಡಿತು. ದರ ₹120ರ ಒಳಗಿದ್ದರಷ್ಟೇ ಶೇ 25ರ ಲೆಕ್ಕ ನಡೆಯುತ್ತದೆ. ಅದು ದಾಟಿದರೆ ಬರೀ ₹30. ₹200ರ ರಬ್ಬರಿಗೆ ಬೀಳುವ ಸುಂಕ ಶೇ 15 ಮಾತ್ರ. ಬೇಲಿಯ ಎತ್ತರ ಅಷ್ಟೇ ಇರುತ್ತದೆ, ಎತ್ತು ಬೆಳೆಯುತ್ತಾ ಹೋಗುತ್ತದೆ. ಉದಾಹರಣೆಗೆ ಬ್ಯಾಂಕಾಕಿನಲ್ಲಿ ಹಾಳೆ ₹180 ಇದೆ ಎನ್ನೋಣ. ಹಡಗು, ವಿಮೆ, ಬಂದರಿನ ಖರ್ಚೆಲ್ಲ ಸೇರಿ ಅಂದಾಜು ₹8 ಇಟ್ಟು, ಸುಂಕ ₹30 ಸೇರಿಸಿದರೆ ₹218. ಜಿಎಸ್‌ಟಿಯನ್ನು ನಾನು ಸೇರಿಸುವುದಿಲ್ಲ, ಮುಂದೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕೊಟ್ಟಾಯಂ ₹190ರಲ್ಲಿದ್ದರೆ ಇನ್ನೂ ಏರಲು ಜಾಗವಿದೆ ಎಂದರ್ಥ. ₹215ರಲ್ಲಿದ್ದರೆ, ವ್ಯಾಪಾರಿ ಎಷ್ಟೇ ಹೆದರಿಸಲಿ, ಮಾಲು ತುಂಬಿಸಿಕೊಳ್ಳುವುದಿಲ್ಲ.

ಇನ್ನೊಂದು ಬಗೆಯ ಆಮದು ದರವಿದೆ. ಅದರಲ್ಲಿ ನಾನು ಎರಡನೆಯ ಸಲ ಎಡವಿದೆ. ವಾಣಿಜ್ಯ ಸಚಿವಾಲಯದ ಅಂಕಿಅಂಶಗಳಲ್ಲಿ ಆಮದಿನ ಒಟ್ಟು ಮೌಲ್ಯ, ಒಟ್ಟು ತೂಕ ಎರಡೂ ಇರುತ್ತವೆ. ಭಾಗಿಸಿದರೆ ಕಿಲೋ ಲೆಕ್ಕದ ಸರಾಸರಿ ಸಿಗುತ್ತದೆ. ನೋಡಲು ಬಹಳ ಖಚಿತವಾದ ಸಂಖ್ಯೆ. ಆದರೆ ಇದು ಮಾಲು ಬಂದರಿಗೆ ಬಂದಾಗ ದಾಖಲಾದದ್ದು, ಬೆಲೆ ಮಾತಾಗಿದ್ದು ಒಂದೆರಡು ತಿಂಗಳ ಹಿಂದೆ. ಪೇಟೆ ಏರುವಾಗ ಈ ಸರಾಸರಿ ಅಗ್ಗವಾಗಿ ಕಾಣುತ್ತದೆ, ಇಳಿಯುವಾಗ ತುಟ್ಟಿಯಾಗಿ. ಸಾಲದ್ದಕ್ಕೆ 4001 ಎಂಬ ಒಂದೇ ಸುಂಕ ಸಂಖ್ಯೆಯ ಶೀರ್ಷಿಕೆಯಡಿ ಹಾಲು, ಹಾಳೆ, ಬ್ಲಾಕ್ ಎಲ್ಲವೂ ಬರುತ್ತವೆ. ಪೇಟೆಯ ಲ್ಯಾಟೆಕ್ಸ್ ಹಾಲಿನಲ್ಲಿ ರಬ್ಬರ್ ಅಂಶ ಶೇ 60. ಉಳಿದದ್ದು ಬಹುಪಾಲು ನೀರು. ನೀರನ್ನೂ ತೂಗಿದ ಸರಾಸರಿಯಿಂದ ಹಾಳೆಯ ಬೆಲೆ ತಿಳಿಯುವುದು ಹೇಗೆ? ಈಗ ನಾನು 400121 ಹಾಳೆ, 400122 ಬ್ಲಾಕ್ ಎಂದು ಬೇರೆಬೇರೆಯಾಗಿಯೇ ಭಾಗಿಸುತ್ತೇನೆ. ಆಮದು ಮೌಲ್ಯದಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುತ್ತವೆ, ರಫ್ತಿನದರಲ್ಲಿ ಸೇರಿರುವುದಿಲ್ಲ. ಅವೆರಡನ್ನೂ ನೇರವಾಗಿ ಎದುರುಬದುರು ಇಡುವಂತಿಲ್ಲ.

4001ರಲ್ಲಿ ಕಾಣದ ಆಮದೂ ಇತ್ತು. ರಬ್ಬರಿಗೆ ಒಂದಿಷ್ಟು ಮಸಿ (ಕಾರ್ಬನ್ ಬ್ಲ್ಯಾಕ್) ಬೆರೆಸಿದರೆ ಅದು ‘ಕಾಂಪೌಂಡ್’ ಆಗಿ 4005ರಡಿ ಹೋಗುತ್ತಿತ್ತು, ಸುಂಕ ಶೇ 10 ಮಾತ್ರ. 2023ರ ಬಜೆಟ್‌ನಲ್ಲಿ ಅದಕ್ಕೂ ಶೇ 25 ಅಥವಾ ₹30 ಎಂದು ಮಾಡಿದರು. ಆವರೆಗೂ ಅಂಕಿಅಂಶದ ಆಮದು ಒಂದು, ನಿಜದ ಆಮದು ಇನ್ನೊಂದು.

ರಫ್ತು ದರವನ್ನು ಮಾತ್ರ ನಾನು ಹೆಚ್ಚು ತಲೆಗೆ ಹಚ್ಚಿಕೊಳ್ಳುವುದಿಲ್ಲ. 2023-24ರಲ್ಲಿ ದೇಶ ಬೆಳೆದದ್ದು 8.57 ಲಕ್ಷ ಟನ್, ಬಳಸಿದ್ದು 14 ಲಕ್ಷ ಟನ್ನಿಗೂ ಹೆಚ್ಚು, ಆಮದು 4.9 ಲಕ್ಷ ಟನ್, ರಫ್ತು ಐದು ಸಾವಿರ ಟನ್ನಿಗೂ ಕಡಿಮೆ. ಅಷ್ಟು ಚಿಕ್ಕ ರಾಶಿಯ ಸರಾಸರಿಯನ್ನು ಹತ್ತಾರು ಕಂಟೇನರ್ ಮಾಲೇ ಏರುಪೇರು ಮಾಡುತ್ತದೆ. ಆದರೂ ಒಮ್ಮೆ ರಫ್ತಿನ ಸುದ್ದಿಯೇ ನನಗೆ ಸೂಚನೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಹಾಳೆ ರಬ್ಬರ್ ರಫ್ತು ಮಾಡುವವರಿಗೆ ಕಿಲೋಗೆ ₹5 ಪ್ರೋತ್ಸಾಹಧನ ಕೊಡುವುದಾಗಿ ರಬ್ಬರ್ ಮಂಡಳಿ ಹೇಳಿತು. ರಬ್ಬರ್ ತನಗೇ ಸಾಲದಿರುವ ದೇಶ ಹೊರಗೆ ಮಾರಲು ಏಕೆ ಹೇಳುತ್ತದೆ? ಪುಸ್ತಕ ತೆರೆದರೆ ಬ್ಯಾಂಕಾಕ್ ದರ ಕೊಟ್ಟಾಯಂಗಿಂತ ಬಹಳ ಮೇಲಿತ್ತು. ಸುಂಕ ಕಟ್ಟಿ ಆಮದು ಮಾಡಿದವರು ನಷ್ಟಕ್ಕೇ ಬೀಳುವ ಹೊತ್ತು. ಒಳಗಿನ ದರ ಇಲ್ಲಿ ನಿಲ್ಲುವುದಿಲ್ಲ ಎಂದು ಏಪ್ರಿಲ್‌ನಲ್ಲೇ ಮೂರು ತಿಂಗಳಿಗಾಗುವಷ್ಟು ಬೆಂದ ಟ್ರೆಡ್ ತರಿಸಿದೆ. ಕಾರ್ಖಾನೆಯಲ್ಲೇ ಬೇಯಿಸಿ ಬರುವ ಬೆಂದ ಟ್ರೆಡ್ ಹಸಿಯಂತಲ್ಲ, ತಾಳುತ್ತದೆ.

ಜುಲೈಗೆ ಅದು ಮುಗಿಯಿತು. ಆಗ ಮತ್ತೆ ಹಳೆಯ ಮೋಹ: ಸಚಿವಾಲಯದ ಸರಾಸರಿ ಇನ್ನೂ ಕೆಳಗಿದೆ, ಅಗ್ಗದ ಮಾಲು ಬಂದೇ ಬರುತ್ತದೆ ಎಂದು ಕಾದೆ. ಅದು ಹಿಂದಿನ ತಿಂಗಳುಗಳ ಬೆಲೆ ಎಂಬುದು ನನಗೇ ಗೊತ್ತಿತ್ತು, ಮನಸ್ಸಿಗೆ ಬೇಕಾದ ಸಂಖ್ಯೆಯನ್ನು ನಂಬಿದೆ. ಕಂಟೇನರ್ ಸಿಗದೆ ಹಡಗಿನ ಮಾಲು ತಡವಾಯಿತು. ಆಗಸ್ಟ್‌ನಲ್ಲಿ ಕೊಟ್ಟಾಯಂ ₹247 ಮುಟ್ಟಿ 2011ರ ದಾಖಲೆಯನ್ನೇ ಮುರಿಯಿತು. ಮತ್ತೆ ತುದಿಯಲ್ಲೇ ಕೊಂಡೆ. ಆದರೆ ಈ ಸಲ ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಒಬ್ಬ ಲಾರಿ ಮಾಲೀಕರು ಆಗ ಜಗಳಕ್ಕೇ ಬಂದಿದ್ದರು: ‘ಅಣ್ಣಾ, ಥಾಯ್ಲೆಂಡಿನಲ್ಲಿ ಮಳೆ ಬಂದು ರಬ್ಬರ್ ಕಡಿಮೆಯಾದರೆ ನನ್ನ ಟೈರಿಗೆ ಏಕೆ ದುಡ್ಡು ಹೆಚ್ಚು?’ ಅವರಿಗೆ ಪುಸ್ತಕ ತೋರಿಸಿದೆ. ಒಂದು ಲಾರಿ ಟೈರಿಗೆ ನಾನು ಹಾಕುವ ಟ್ರೆಡ್ ಹತ್ತು ಕಿಲೋ ಹತ್ತಿರ. ಅದರಲ್ಲಿ ಮರದ ರಬ್ಬರ್ ಅರ್ಧಕ್ಕಿಂತ ಕಡಿಮೆ; ಉಳಿದದ್ದು ಕೃತಕ ರಬ್ಬರ್, ಮಸಿ, ಎಣ್ಣೆ. ಕೊಟ್ಟಾಯಂನಲ್ಲಿ ₹10 ಏರಿದರೆ ನ್ಯಾಯವಾಗಿ ಟೈರಿಗೆ ₹40ರಿಂದ ₹50 ಏರಬೇಕು. ‘ಹಾಗಾದರೆ ₹150 ಏಕೆ ಕೇಳಿದಿರಿ?’ ಎಂದರು. ನನ್ನ ಸರಬರಾಜುದಾರ ನನಗೆ ಏರಿಸಿದ್ದು ಅಷ್ಟು. ಆ ಬಿಲ್ಲನ್ನೂ ತೋರಿಸಿದೆ.

ಈಗ ಅಕ್ಟೋಬರ್‌ನಿಂದ ಜನವರಿವರೆಗೆ, ಕೇರಳದಲ್ಲಿ ಹಾಲು ಹೆಚ್ಚು ಇಳಿಯುವ ತಿಂಗಳುಗಳಲ್ಲಿ, ಬೆಂದ ಟ್ರೆಡ್ ಕೊಂಡಿಡುತ್ತೇನೆ. ಫೆಬ್ರುವರಿಯಲ್ಲಿ ಮರಗಳು ಎಲೆ ಉದುರಿಸುವ ಹೊತ್ತಿಗೆ ಆ ವ್ಯಾಪಾರಿಯ ಫೋನ್ ಬರುತ್ತದೆ. ‘ಇವತ್ತು ಬ್ಯಾಂಕಾಕ್ ಎಷ್ಟು?’ ಎಂದು ಕೇಳುತ್ತೇನೆ. ‘ನೋಡಿ ಹೇಳುತ್ತೇನೆ, ಸಾರ್’ ಎನ್ನುತ್ತಾರೆ. ಆಮೇಲೆ ಎರಡು ದಿನ ಅವರ ಫೋನಿರುವುದಿಲ್ಲ.