ಓಪನ್ ಸೋರ್ಸ್ ವೆಬ್‌ಸೈಟ್‌ಗೆ ಸ್ವಯಂಸೇವಕರ ತಂಡ: ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಯಾರೋ ಒಬ್ಬರು ನಿಮ್ಮ ಓಪನ್ ಸೋರ್ಸ್ ಸಾಫ್ಟ್‌ವೇರ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವಂಥದ್ದು) ಇಳಿಸಿಕೊಳ್ಳಲು ಬರುತ್ತಾರೆ. ಇನ್‌ಸ್ಟಾಲ್ ಪುಟದಲ್ಲಿ ಒಂದು ಲಿಂಕ್ ಕೆಲಸ ಮಾಡುವುದಿಲ್ಲ. ಬೈದುಕೊಂಡು ಸುಮ್ನೆ ಹೋಗಬಹುದಿತ್ತು. ಹಾಗೆ ಮಾಡದೆ ತಾವೇ ಅದನ್ನು ಸರಿಮಾಡಿ ಪುಲ್ ರಿಕ್ವೆಸ್ಟ್, ಅಂದರೆ ‘ಈ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಕಳಿಸುತ್ತಾರೆ. ಒಂದು ವಾರ ಉತ್ತರವಿಲ್ಲ. ಒಂದು ತಿಂಗಳಾದರೂ ಇಲ್ಲ. ಮೂರನೇ ತಿಂಗಳು ತಂಡದ ಯಾರೋ ಎಚ್ಚೆತ್ತು, ‘ಕಾನ್‌ಫ್ಲಿಕ್ಟ್ ಬಂದಿದೆ (ನಡುವೆ ಆದ ಬೇರೆ ಬದಲಾವಣೆಗೆ ಇದು ಹೊಂದುತ್ತಿಲ್ಲ), ಸರಿಮಾಡಿ ಮತ್ತೆ ಕಳಿಸಿ’ ಎಂದು ಬರೆಯುತ್ತಾರೆ. ಕಳಿಸಿದವರು ಅಷ್ಟರಲ್ಲಿ ಆ ವಿಷಯವನ್ನೇ ಮರೆತಿರುತ್ತಾರೆ.

ಇದನ್ನು ನಾನು ಹಲವು ಯೋಜನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಅದೇ ತಂಡಗಳು ‘ನಮಗೆ ಜನ ಸಿಗುತ್ತಿಲ್ಲ’ ಎಂದು ಕೊರಗುವುದನ್ನೂ ಕೇಳಿದ್ದೇನೆ. ಜನ ಬಂದಿದ್ದರು, ಬಾಗಿಲು ತೆರೆಯುವವರು ಇರಲಿಲ್ಲ. ಹಾಗಾಗಿ ಇಲ್ಲಿ ಜನರನ್ನು ಕರೆತರುವುದರ ಬಗ್ಗೆ ಕಡಿಮೆ ಹೇಳುತ್ತೇನೆ. ಬಂದವರನ್ನು ಕಾಯಿಸದಿರುವುದು ಹೇಗೆ ಎಂಬುದನ್ನೇ ಜಾಸ್ತಿ ಹೇಳುತ್ತೇನೆ.

ಎಷ್ಟು ಸೈಟ್ ಇವೆ, ಯಾರು ನೋಡುತ್ತಾರೆ?

‘ನಮ್ಮ ವೆಬ್‌ಸೈಟ್’ ಎನ್ನುವಾಗ ಒಂದೇ ಸೈಟ್ ಇದ್ದಂತೆ ಕೇಳಿಸುತ್ತದೆ. ಕೂತು ಎಣಿಸಿ ನೋಡಿ. ಮುಖ್ಯ ಸೈಟ್, ಕೈಪಿಡಿ, ಡೌನ್‌ಲೋಡ್ ಪುಟ, ವಿಕಿ, ಅನುವಾದಗಳು, ಹಳೆಯ ಆವೃತ್ತಿಗಳ ಕೈಪಿಡಿ, ಎಂದೋ ನಡೆದ ಸಮ್ಮೇಳನದ ಪುಟ, ಹೀಗೆ ಆರೋ ಏಳೋ ಆಗುತ್ತವೆ. ಇವನ್ನು ಒಂದೇ ಕಡೆ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ನಾಲ್ಕು ವಿಷಯ ಬರೆಯಿರಿ: ಮೂಲ ಯಾವ ರೆಪೊದಲ್ಲಿದೆ (ಫೈಲುಗಳನ್ನೂ ಅವುಗಳ ಬದಲಾವಣೆಯ ಇತಿಹಾಸವನ್ನೂ ಇಡುವ ಕಣಜ), ಯಾವ ಸರ್ವರ್‌ನಲ್ಲಿ ಓಡುತ್ತಿದೆ, ಡೊಮೇನ್ ಯಾರ ಹೆಸರಿನಲ್ಲಿದೆ, ನೋಡಿಕೊಳ್ಳುವ ಇಬ್ಬರು ಯಾರು. ಒಬ್ಬರ ಹೆಸರು ಸಾಲದು. ಅವರಿಗೆ ಹುಷಾರು ತಪ್ಪಬಹುದು, ಮನೆಯಲ್ಲಿ ಮಗು ಹುಟ್ಟಬಹುದು, ಕೆಲಸ ಬದಲಾಗಬಹುದು.

ಯಾರ ಹೆಸರೂ ಸಿಗದ ಸೈಟ್ ಇದ್ದರೆ ಮುಚ್ಚಿಬಿಡಿ. ಹಳೆಯ ವಿಳಾಸಕ್ಕೆ ಬಂದವರು ಹೊಸ ಪುಟಕ್ಕೆ ಹೋಗುವಂತೆ ರಿಡೈರೆಕ್ಟ್ ಹಾಕಿ. ತಪ್ಪು ಮಾಹಿತಿ ಕೊಡುವ ಪುಟ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಮೊದಲ ಅರ್ಧ ಗಂಟೆ

ಹೊಸಬರು ರೆಪೊ ಇಳಿಸಿಕೊಂಡು ತಮ್ಮ ಕಂಪ್ಯೂಟರ್‌ನಲ್ಲಿ ಸೈಟನ್ನು ಓಡಿಸಿ ನೋಡಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಬಾರದು. ಒಂದೇ ಕಮಾಂಡ್‌ನಲ್ಲಿ ಆಗಬೇಕು. ರೆಪೊದ ಪರಿಚಯ ಕೊಡುವ ರೀಡ್‌ಮಿ ಫೈಲಿನಲ್ಲಿ ಅದು ಮೊದಲ ಪರದೆಯಲ್ಲೇ ಕಾಣಬೇಕು. ಸರಿಯಿದೆಯೇ ಎಂದು ತಿಳಿಯಲು ಒಂದೇ ದಾರಿ. ಸೈಟನ್ನು ಎಂದೂ ಮುಟ್ಟದ ಒಬ್ಬರನ್ನು ಕೂರಿಸಿ, ಅವರು ಮಾಡುವುದನ್ನು ಬಾಯಿ ಬಿಡದೆ ನೋಡಿ. ಅವರು ಎಲ್ಲೆಲ್ಲಿ ನಿಂತರೋ ಅಲ್ಲೆಲ್ಲ ರೀಡ್‌ಮಿ ತಿದ್ದಬೇಕು.

ಹ್ಯೂಗೊ, ಜೆಕಿಲ್ ಥರದ ಸರಳ ಸಲಕರಣೆ ಬಳಸಿ. ಇವು ಮಾರ್ಕ್‌ಡೌನ್ (ಸರಳ ಗುರುತು ಹಾಕಿದ ಪಠ್ಯ) ಫೈಲುಗಳಿಂದ ನೇರವಾಗಿ ಪುಟ ತಯಾರಿಸುತ್ತವೆ. ಜೆಕಿಲ್ 2008ರಿಂದ ಇದೆ, ಹ್ಯೂಗೊ 2013ರಿಂದ. ತೊಂದರೆ ಬಂದರೆ ಉತ್ತರ ಹುಡುಕುವುದು ಸುಲಭ. ತಂಡದಲ್ಲಿ ಒಬ್ಬರು ‘ನಾನೇ ಒಂದು ಸಿಸ್ಟಮ್ ಬರೆದುಕೊಡುತ್ತೇನೆ’ ಎಂದು ಮುಂದೆ ಬರುತ್ತಾರೆ. ದಯವಿಟ್ಟು ಒಪ್ಪಬೇಡಿ. ಅವರು ಹೋದ ಮೇಲೆ ಅದು ಯಾರಿಗೂ ಅರ್ಥವಾಗುವುದಿಲ್ಲ. ಹತ್ತಾರು ಪ್ಲಗಿನ್ ಹಾಕಿದ ಪೇಜ್ ಬಿಲ್ಡರ್‌ಗಳೂ ಬೇಡ. ಯಾರು ಏನು ಬದಲಿಸಿದರು ಎಂದು ಅವುಗಳಲ್ಲಿ ಪತ್ತೆ ಮಾಡುವುದೇ ಕಷ್ಟ.

ಒಂದು ಒಳದಾರಿ ಮಾತ್ರ ನಿಜಕ್ಕೂ ಉಪಯೋಗದ್ದು. ಪ್ರತಿ ಪುಟದ ಕೆಳಗೆ ‘ಈ ಪುಟವನ್ನು ತಿದ್ದಿ’ ಎಂಬ ಲಿಂಕ್ ಹಾಕಿ. ಅದನ್ನು ಒತ್ತಿದರೆ ಬ್ರೌಸರ್‌ನಲ್ಲೇ ಆ ಫೈಲ್ ತೆರೆಯಬೇಕು. ಕಾಗುಣಿತದ ತಪ್ಪು ತಿದ್ದಲು ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಇದರ ಜೊತೆಗೆ, ಪ್ರತಿ ಪುಲ್ ರಿಕ್ವೆಸ್ಟ್‌ಗೂ ಬದಲಾದ ಸೈಟಿನ ಪ್ರಿವ್ಯೂ ತಾನಾಗಿಯೇ ಸಿದ್ಧವಾಗುವಂತೆ ಮಾಡಿ. ಕೋಡ್ ಓದಲು ಬಾರದ ಬರಹಗಾರರೂ ಪುಟ ನೋಡಿ ‘ಇದು ಸರಿ, ಇದು ತಪ್ಪು’ ಎನ್ನಬಹುದು.

ಲೈಸೆನ್ಸ್ ಮತ್ತು ನಡವಳಿಕೆಯ ನಿಯಮ ಎರಡೂ ರೆಪೊದಲ್ಲಿರಲಿ. ಸಿದ್ಧ ಪಠ್ಯ ಸಿಗುತ್ತದೆ, ಹತ್ತು ನಿಮಿಷದ ಕೆಲಸ.

ಕೆಲಸವನ್ನು ಚಿಕ್ಕದಾಗಿ ಒಡೆಯಿರಿ

‘ಕೈಪಿಡಿ ಉತ್ತಮಪಡಿಸಬೇಕು’ ಎಂಬ ಇಶ್ಯೂವನ್ನು (ಆಗಬೇಕಾದ ಕೆಲಸದ ಚೀಟಿ) ಯಾರೂ ಎತ್ತಿಕೊಳ್ಳುವುದಿಲ್ಲ. ಎಲ್ಲಿಂದ ಶುರುಮಾಡಬೇಕು, ಎಲ್ಲಿಗೆ ಮುಗಿಯುತ್ತದೆ ಎಂದು ಅದರಲ್ಲಿ ಇಲ್ಲವಲ್ಲ. ಹೀಗೆ ಬರೆಯಿರಿ: ‘ಇನ್‌ಸ್ಟಾಲ್ ಪುಟದ ಮೂರನೇ ಹಂತದಲ್ಲಿ ಹಳೆಯ ಆವೃತ್ತಿಯ ಕಮಾಂಡ್ ಇದೆ. ಹೊಸದು ಬರೆದು, ಕೆಳಗಿನ ಚಿತ್ರ ಬದಲಿಸಿ. ಫೈಲ್ ಇಲ್ಲಿದೆ. ಸಂದೇಹ ಬಂದರೆ ಇಲ್ಲೇ ಕೇಳಿ.’ ಇದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಇಂಥವಕ್ಕೆ ‘ಹೊಸಬರಿಗೆ’ ಎಂಬ ಲೇಬಲ್ ಹಾಕಿ. ಹಳಬರು ಅವನ್ನು ಮುಟ್ಟದಿರಲಿ. ನಿಮಗೆ ಐದು ನಿಮಿಷದ ಕೆಲಸವಾದರೂ ಬಿಟ್ಟುಬಿಡಿ, ಅದು ಬೇರೆಯವರ ಮೊದಲ ಮೆಟ್ಟಿಲು.

ಬಹುಮಾನದ ಆಸೆ ತೋರಿಸಿ ಜನ ಸೇರಿಸುವುದು ನನಗೆ ಇಷ್ಟವಿಲ್ಲ. ಓಪನ್ ಸೋರ್ಸ್ ಯೋಜನೆಗಳಿಗೆ ಪುಲ್ ರಿಕ್ವೆಸ್ಟ್ ಕಳಿಸಲು ಹುರಿದುಂಬಿಸುವ, ಅಕ್ಟೋಬರ್ ತಿಂಗಳಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ 2014ರಲ್ಲಿ ಶುರುವಾಯಿತು. ಉದ್ದೇಶ ಒಳ್ಳೆಯದೇ ಇತ್ತು. 2020ರಲ್ಲಿ ಟೀ ಶರ್ಟ್‌ಗಾಗಿ ರೀಡ್‌ಮಿಯಲ್ಲಿ ಒಂದು ಪದ ಸೇರಿಸಿ ಕಳಿಸುವವರ ಮಹಾಪೂರವೇ ಬಂತು. ಕೊನೆಗೆ ಆ ತಿಂಗಳಲ್ಲೇ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರು. ಆ ದಿನಗಳಲ್ಲಿ ಕಸ ಗುಡಿಸುವುದರಲ್ಲೇ ಎಷ್ಟೋ ತಂಡಗಳ ಸಮಯ ಹೋಯಿತು.

ಇಲ್ಲೇ ಎಲ್ಲರೂ ಎಡವುವುದು: ಉತ್ತರ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಲ್ ರಿಕ್ವೆಸ್ಟ್ ಬಂದಿದೆ. ಎಂಟು ಜನರ ತಂಡಕ್ಕೂ ಸೂಚನೆ ಹೋಗಿದೆ. ಪ್ರತಿಯೊಬ್ಬರೂ ‘ಬೇರೆ ಯಾರಾದರೂ ನೋಡುತ್ತಾರೆ’ ಅಂದುಕೊಳ್ಳುತ್ತಾರೆ. ಯಾರೂ ನೋಡುವುದಿಲ್ಲ.

ಇದಕ್ಕೆ ಸರದಿ ಪಟ್ಟಿಯೇ ಮದ್ದು. ಕುಬರ್ನೆಟೀಸ್ ಎಂಬ ದೊಡ್ಡ ಓಪನ್ ಸೋರ್ಸ್ ಯೋಜನೆಯ ದಾಖಲೆ ತಂಡ ಇದನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿ ಅನುಮೋದಿಸುವ ಅಧಿಕಾರ ಇರುವವರು ಒಂದೊಂದು ವಾರ ಸರದಿಯ ಮೇಲೆ ಪುಲ್ ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿ. ಈ ವಾರ ಯಾರ ಸರದಿ ಎಂಬುದು ಎಲ್ಲರಿಗೂ ಕಾಣುವ ಕಡೆ ಇರಲಿ. ಸರದಿಯವರೇ ಎಲ್ಲವನ್ನೂ ಪರಿಶೀಲಿಸಬೇಕೆಂದಿಲ್ಲ. ಬಂದಿದ್ದಕ್ಕೆಲ್ಲ ಎರಡು ದಿನದೊಳಗೆ ಒಂದು ಉತ್ತರ ಬರೆದು, ಸರಿಯಾದವರ ಕೈಗೆ ದಾಟಿಸಿದರೆ ಸಾಕು. ‘ನೋಡಿದೆ, ಧನ್ಯವಾದ. ಡೌನ್‌ಲೋಡ್ ಪುಟ ನೋಡಿಕೊಳ್ಳುವವರು ಭಾನುವಾರ ಪರಿಶೀಲಿಸುತ್ತಾರೆ.’ ಇಷ್ಟೇ. ಯಾವ ದಿನ ಎಂದು ಗೊತ್ತಿದ್ದರೆ ಜನ ಕಾಯುತ್ತಾರೆ.

ಎರಡನೆಯದು, ಯಾವುದನ್ನು ಯಾರು ತೀರ್ಮಾನಿಸುತ್ತಾರೆ ಎಂದು ಮೊದಲೇ ಬರೆದಿಡಿ. ರೆಪೊಗಳನ್ನು ಇಡುವ ಗಿಟ್‌ಹಬ್‌ ತಾಣದಲ್ಲಿ ಕೋಡ್‌ಓನರ್ಸ್ ಎಂಬ ಫೈಲ್ ಇಟ್ಟರೆ, ಯಾವ ಫೋಲ್ಡರ್ ಬದಲಾದರೆ ಯಾರನ್ನು ಕೇಳಬೇಕು ಎಂಬುದು ತಾನಾಗಿಯೇ ಆಗುತ್ತದೆ. ಮುಖಪುಟದ ಬಣ್ಣ, ಚಿತ್ರ, ಘೋಷವಾಕ್ಯದ ವಿಷಯದಲ್ಲಿ ಇದು ತೀರಾ ಅಗತ್ಯ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯ ಇರುತ್ತದೆ. ಒಂದು ವಾರ ಎಲ್ಲರ ಮಾತು ಕೇಳಿ, ಆಮೇಲೆ ಒಬ್ಬರು ತೀರ್ಮಾನ ಹೇಳಲಿ. ಬಟನ್ ನೀಲಿಯಿರಬೇಕೋ ಹಸಿರಿರಬೇಕೋ ಎಂಬ ಚರ್ಚೆ ನಾಲ್ಕು ತಿಂಗಳು ಎಳೆದು, ವಿನ್ಯಾಸ ಮಾಡಿಕೊಟ್ಟಿದ್ದ ಹುಡುಗಿ ತಂಡವನ್ನೇ ಬಿಟ್ಟುಹೋಗಿದ್ದನ್ನು ನೋಡಿದ್ದೇನೆ. ಆ ಬಟನ್ ಕೊನೆಗೂ ಬದಲಾಗಲಿಲ್ಲ.

ಇನ್ನು ಪರಿಶೀಲನೆ. ಸಾಲಿನ ಕೊನೆಯ ಖಾಲಿ ಜಾಗ, ಸತ್ತ ಲಿಂಕ್, ಮುರಿದ ಮಾರ್ಕ್‌ಡೌನ್, ಇವನ್ನೆಲ್ಲ ಯಂತ್ರ ಹೇಳಲಿ. ಮನುಷ್ಯರು ಹೇಳಿದರೆ ಕಿರಿಕಿರಿ ಅನಿಸುವ ಮಾತನ್ನು ಯಂತ್ರ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ವಿಷಯವನ್ನು ನೋಡಿ. ಬರೆದಿರುವುದು ನಿಜವೇ? ಆ ಕಮಾಂಡ್ ಓಡಿಸಿದರೆ ಕೆಲಸ ಮಾಡುತ್ತದೆಯೇ? ಓದಿದರೆ ಅರ್ಥವಾಗುತ್ತದೆಯೇ?

ಬದಲಿಸಲೇಬೇಕಾದದ್ದು ಯಾವುದು, ನಿಮಗೆ ಸುಮ್ನೆ ಹೊಳೆದದ್ದು ಯಾವುದು ಎಂದು ಪ್ರತಿ ಟಿಪ್ಪಣಿಯಲ್ಲೂ ಬಿಡಿಸಿ ಹೇಳಿ. ‘ಇದು ಬೇಕೇಬೇಕು’, ‘ಇಷ್ಟವಿದ್ದರೆ ಮಾಡಿ’ ಎಂದು ಮುಂದೆ ಬರೆದರೆ ಸಾಕು. ಹೊಸಬರಿಗೆ ಎಲ್ಲ ಟಿಪ್ಪಣಿಯೂ ಆಜ್ಞೆಯಂತೆ ಕಾಣುತ್ತದೆ. ಹದಿನೈದು ಟಿಪ್ಪಣಿ ನೋಡಿದರೆ ಹೆದರುತ್ತಾರೆ. ಅದರಲ್ಲಿ ಹದಿಮೂರು ಐಚ್ಛಿಕ ಎಂದು ಗೊತ್ತಾದರೆ ಎರಡನ್ನು ಸರಿಮಾಡಿ ಖುಷಿಯಿಂದ ಕಳಿಸುತ್ತಾರೆ.

ಉಳಿದದ್ದು ಎರಡೇ ಅಕ್ಷರದ ತಪ್ಪಾದರೆ ನೀವೇ ತಿದ್ದಿ ಮರ್ಜ್ ಮಾಡಿ, ಅಂದರೆ ಮೂಲಕ್ಕೆ ಸೇರಿಸಿ. ಅದಕ್ಕಾಗಿ ಇನ್ನೊಂದು ಸುತ್ತು ಓಡಾಡಿಸಬೇಡಿ. ಆದರೆ ಕೆಲಸ ಅವರ ಹೆಸರಿನಲ್ಲೇ ದಾಖಲಾಗಬೇಕು. ಅವರ ಪುಲ್ ರಿಕ್ವೆಸ್ಟ್ ಮುಚ್ಚಿ, ಅದೇ ಬದಲಾವಣೆಯನ್ನು ತಮ್ಮ ಹೆಸರಿನ ಕಮಿಟ್‌ನಲ್ಲಿ (ರೆಪೊದಲ್ಲಿ ದಾಖಲಾಗುವ ಬದಲಾವಣೆ) ಹಾಕುವವರಿದ್ದಾರೆ. ಇದು ದೊಡ್ಡ ಅನ್ಯಾಯ. ಹಣ ಪಡೆಯದೆ ದುಡಿಯುವವರಿಗೆ ಅಲ್ಲಿರುವ ಹೆಸರೇ ಗಳಿಕೆ ಅಲ್ವಾ?

ಬೇಡ ಎನ್ನುವುದಾದರೆ ಮೊದಲ ಉತ್ತರದಲ್ಲೇ ಹೇಳಿ. ‘ಈ ಪುಟವನ್ನು ಮುಂದಿನ ಆವೃತ್ತಿಯಲ್ಲಿ ತೆಗೆಯುತ್ತಿದ್ದೇವೆ, ಹಾಗಾಗಿ ಇದನ್ನು ಸೇರಿಸುವುದಿಲ್ಲ. ನಿಮ್ಮ ಬರವಣಿಗೆ ಚೆನ್ನಾಗಿದೆ, ಈ ಇನ್ನೊಂದು ಪುಟಕ್ಕೆ ನೆರವು ಬೇಕು.’ ನಯವಾಗಿರಲೆಂದು ಮೂರು ವಾರ ಅದು ತಿದ್ದಿ ಇದು ತಿದ್ದಿ ಎಂದು ಹೇಳಿ, ಆಮೇಲೆ ಬೇಡ ಎಂದರೆ ಆ ಮನುಷ್ಯ ಮತ್ತೆ ಬರುವುದಿಲ್ಲ. ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನು ಇಷ್ಟು ದಿನವಾಯಿತೆಂದು ತಾನಾಗಿಯೇ ಮುಚ್ಚುವ ಬಾಟ್‌ಗಳನ್ನೂ ಹಾಕಬೇಡಿ. ಉತ್ತರ ಕೊಡದಿದ್ದದ್ದು ನಾವು, ಮುಚ್ಚಿಸಿಕೊಂಡದ್ದು ಅವರು. ಇದಕ್ಕಿಂತ ಕೆಟ್ಟ ಸಲಕರಣೆ ನಾನು ನೋಡಿಲ್ಲ.

ಮರ್ಜ್ ಆದ ಕೂಡಲೇ ಸೈಟ್ ಬದಲಾಗಬೇಕು. ತಿಂಗಳಿಗೊಮ್ಮೆ ಯಾರೋ ಕೈಯಾರೆ ಅಪ್‌ಲೋಡ್ ಮಾಡುವ ಪದ್ಧತಿ ಇದ್ದರೆ ಇವತ್ತೇ ಬಿಡಿ. ತಾವು ಬರೆದ ವಾಕ್ಯ ಹತ್ತು ನಿಮಿಷದಲ್ಲಿ ಜಗತ್ತಿಗೆ ಕಂಡಾಗ ಆಗುವ ಖುಷಿಯೇ ಎರಡನೇ ಪುಲ್ ರಿಕ್ವೆಸ್ಟ್ ತರುತ್ತದೆ.

ಅನುವಾದ

ಅನುವಾದ ಮಾಡುವುದಕ್ಕಿಂತ ಅದನ್ನು ಹಳಸದಂತೆ ನೋಡಿಕೊಳ್ಳುವುದು ಕಷ್ಟ. ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸೈಟಿನಲ್ಲಿ ಪ್ರತಿ ಅನುವಾದದ ಫೈಲಿನ ಮೇಲೆ, ಮೂಲ ಪುಟದ ಯಾವ ಕಮಿಟ್‌ನಿಂದ ಅದನ್ನು ಮಾಡಲಾಯಿತು ಎಂಬ ಗುರುತು ಇರುತ್ತದೆ. ಮೂಲ ಮುಂದೆ ಹೋದರೆ ಅನುವಾದ ಹಿಂದೆ ಬಿದ್ದಿದೆ ಎಂದು ಗೊತ್ತಾಗುತ್ತದೆ. ಸರಳ ಉಪಾಯ, ಅದನ್ನೇ ಅನುಸರಿಸಿ. ಹಳೆಯದಾದ ಪುಟದ ಮೇಲೆ ‘ಇದು ಹಳೆಯ ಅನುವಾದ, ಹೊಸದು ಮೂಲದಲ್ಲಿದೆ’ ಎಂಬ ಪಟ್ಟಿ ಕಾಣಲಿ.

ವೆಬ್ ತಂತ್ರಜ್ಞಾನದ ಕೈಪಿಡಿ ತಾಣವಾದ ಎಮ್‌ಡಿಎನ್ 2020ರ ಡಿಸೆಂಬರ್‌ನಲ್ಲಿ ತನ್ನ ಬರಹಗಳನ್ನೆಲ್ಲ ಗಿಟ್‌ಗೆ (ಬದಲಾವಣೆ ದಾಖಲಿಸುವ ವ್ಯವಸ್ಥೆ) ತಂದಾಗ ಅನುವಾದಗಳನ್ನು ಇದ್ದಲ್ಲಿಗೇ ನಿಲ್ಲಿಸಿತು. ನೋಡಿಕೊಳ್ಳಲು ಸ್ವಯಂಸೇವಕರ ಗುಂಪು ಸಿಕ್ಕ ಭಾಷೆಗಳನ್ನು ಮಾತ್ರ ಆಮೇಲೆ ಮತ್ತೆ ತೆರೆಯಿತು. ಆಗ ಹಲವರಿಗೆ ನೋವಾಯಿತು, ಆದರೂ ಆ ತೀರ್ಮಾನ ಸರಿ ಎಂದೇ ನಾನು ಹೇಳುತ್ತೇನೆ. ಒಬ್ಬರೇ ಇದ್ದರೆ ಹೊಸ ಭಾಷೆ ಶುರುಮಾಡಬೇಡಿ. ಒಬ್ಬರು ಬರೆದದ್ದನ್ನು ಆ ಭಾಷೆ ಬಲ್ಲ ಇನ್ನೊಬ್ಬರು ಓದಲೇಬೇಕು. ಯಂತ್ರಾನುವಾದವನ್ನು ಯಾರೂ ಓದದೆ ಹಾಗೇ ಹಾಕುವುದಂತೂ ಬೇಡವೇ ಬೇಡ.

ಕೀಲಿ ಯಾರ ಕೈಯಲ್ಲಿ?

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸೈಟಿಗೆ ಕಳ್ಳರು ನುಗ್ಗಿದರು. ಸೈಟ್ ನಡೆಸುವ ವರ್ಡ್‌ಪ್ರೆಸ್ ಮೂಲಕ ಒಳಬಂದು, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟ ಐಎಸ್‌ಒ ಎಂಬ ಇನ್‌ಸ್ಟಾಲ್ ಫೈಲಿನ ಕಡೆ ತಿರುಗಿಸಿದರು. ಸಾಫ್ಟ್‌ವೇರಿನ ಮೂಲ ಕೋಡ್‌ಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಬರೀ ಸೈಟ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದರೆ ಇದೇ.

2024ರ ಮಾರ್ಚ್‌ನಲ್ಲಿ ಬಯಲಾದ, ಫೈಲ್ ಕುಗ್ಗಿಸುವ ಎಕ್ಸ್‌ಜಡ್ ಎಂಬ ಸಾಫ್ಟ್‌ವೇರಿನ ಪ್ರಕರಣವನ್ನೂ ನೆನಪಿಡಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡಿ ನಂಬಿಕೆ ಗಳಿಸಿದ ಒಬ್ಬ ವ್ಯಕ್ತಿ ಕೋಡ್‌ನಲ್ಲಿ ಹಿಂಬಾಗಿಲು ಇಟ್ಟಿದ್ದ. ಯೋಜನೆಯ ಒಂದು ಉಪಡೊಮೇನ್ ಸೈಟ್ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿತ್ತು, ಅದೂ ಅವನ ಕೈಗೆ ಎಟುಕುತ್ತಿತ್ತು. ಮುಖ್ಯ ಸೈಟ್ ಮಾತ್ರ ಮೂಲ ನಿರ್ವಾಹಕರ ಬಳಿಯೇ ಉಳಿದಿತ್ತು, ಹಾಗಾಗಿ ಅದನ್ನು ಅವನು ಮುಟ್ಟಲಾಗಲಿಲ್ಲ.

ಇದನ್ನು ಕೇಳಿ ಎಲ್ಲರನ್ನೂ ಅನುಮಾನಿಸಬೇಡಿ. ಅಧಿಕಾರವನ್ನು ಬೇರೆ ಬೇರೆ ಮಾಡಿ, ಅಷ್ಟೇ. ಬರಹ ಮರ್ಜ್ ಮಾಡುವುದು ಬೇರೆ, ಡೌನ್‌ಲೋಡ್ ಲಿಂಕ್ ಬದಲಿಸುವುದು ಬೇರೆ, ಡೊಮೇನ್ ಮತ್ತು ಸರ್ವರ್ ಬೇರೆ. ಮೊದಲನೆಯದನ್ನು ಧಾರಾಳವಾಗಿ ಕೊಡಿ. ತಪ್ಪಾದರೆ ಹಿಂದಕ್ಕೆ ಪಡೆಯಬಹುದು. ಎರಡನೆಯದಕ್ಕೆ ಇಬ್ಬರ ಒಪ್ಪಿಗೆ ಕಡ್ಡಾಯ ಮಾಡಿ. ಮೂರನೆಯದು ಇಬ್ಬರು ಅಥವಾ ಮೂವರ ಬಳಿ ಮಾತ್ರ ಇರಲಿ, ಎಲ್ಲರಿಗೂ ಎರಡು ಹಂತದ ಲಾಗಿನ್ ಇರಲಿ. ಮರ್ಜ್ ಅಧಿಕಾರ ಯಾರಿಗೆ ಕೊಡಬೇಕು ಎಂದರೆ, ಎಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರು ಎಂದು ನಾನು ಎಣಿಸುವುದಿಲ್ಲ. ಬೇರೆಯವರ ಕೆಲಸಕ್ಕೆ ಹೇಗೆ ಟಿಪ್ಪಣಿ ಬರೆಯುತ್ತಾರೆ ಎಂದು ನೋಡುತ್ತೇನೆ.

ಡೊಮೇನ್ ನವೀಕರಣದ ದಿನಾಂಕವನ್ನು ಇಬ್ಬರ ಕ್ಯಾಲೆಂಡರ್‌ನಲ್ಲಿ ಹಾಕಿ. ಸೈಟಿನ ಸುರಕ್ಷಿತ (https) ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದು ಶುರುವಿನಿಂದ ಕೊಡುತ್ತಾ ಬಂದ ಸರ್ಟಿಫಿಕೇಟ್‌ಗೆ 90 ದಿನದ ಆಯುಷ್ಯ. ಅದನ್ನು ಕೈಯಾರೆ ಬದಲಿಸುತ್ತೇನೆ ಎನ್ನುವವರನ್ನು ನಂಬಬೇಡಿ, ತಾನಾಗಿಯೇ ಆಗುವಂತೆ ಮಾಡಿ.

ಹೋಗುವವರಿಗೆ ದಾರಿ

ಸ್ವಯಂಸೇವಕರು ಒಂದು ದಿನ ಹೋಗುತ್ತಾರೆ. ತುಂಬ ಜನ ಹೇಳಲು ಸಂಕೋಚಪಟ್ಟು ಮೌನವಾಗಿಬಿಡುತ್ತಾರೆ. ಆರು ತಿಂಗಳಿಗೊಮ್ಮೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಖಾಸಗಿಯಾಗಿ ಕೇಳಿ: ‘ಮುಂದುವರಿಸುತ್ತೀರಾ? ಕಡಿಮೆ ಮಾಡಬೇಕಾ? ವಿರಾಮ ಬೇಕಾ?’ ಮೂರಕ್ಕೂ ಒಂದೇ ದನಿಯಲ್ಲಿ ಒಪ್ಪಿಗೆ ಕೊಡಿ. ಬಿಡುತ್ತೇನೆ ಎಂದವರ ಸರ್ವರ್ ಕೀಲಿಯನ್ನು ಆ ದಿನವೇ ತೆಗೆಯಿರಿ. ಅವರಿಗೂ ಅದರಿಂದ ಹಗುರವಾಗುತ್ತದೆ. ಹೆಸರು ಧನ್ಯವಾದದ ಪುಟದಲ್ಲಿ ಹಾಗೇ ಇರಲಿ, ಮತ್ತೆ ಬಂದರೆ ಮರ್ಜ್ ಅಧಿಕಾರ ಸಿಗುತ್ತದೆ ಎಂದು ತಿಳಿಸಿ. ಮುಂದಿನ ವಾರದ ಸರದಿ ಪಟ್ಟಿಯಲ್ಲಿ ಅವರ ಹೆಸರಿದ್ದರೆ, ಆ ಜಾಗಕ್ಕೆ ಇನ್ನೊಬ್ಬರನ್ನು ಅಂದೇ ಕೇಳಿ ಹಾಕಿ.