ಮನೆಯಲ್ಲೇ ಆಮ್ಲ–ಕ್ಷಾರ ಪರೀಕ್ಷೆ: ದಾಸವಾಳದ ನೀರು ಮಾಡುವುದು ಹೇಗೆ?

ಮಂಡ್ಯದ ಯಾವ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೂ ಒಂದು ಮೇಜಿನ ಮೇಲೆ ದಾಸವಾಳದ ನೀರು ಇದ್ದೇ ಇರುತ್ತೆ. ಕಳೆದ ಸಲ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಲೋಟಕ್ಕೆ ಎರಡು ತೊಟ್ಟು ನಿಂಬೆರಸ ಹಾಕಿ, "ಈಗ ಕೆಂಪಾಗುತ್ತೆ ನೋಡಿ ಮಿಸ್" ಅಂದಳು. ಆಗಲಿಲ್ಲ. ಇನ್ನೆರಡು ತೊಟ್ಟು ಹಾಕಿದಳು. ಆಗಲೂ ಇಲ್ಲ. ನಿಂಬೆ ಬೀಳುವ ಮೊದಲೇ ಆ ನೀರು ಪಾಚಿ ಬಣ್ಣಕ್ಕೆ ತಿರುಗಿತ್ತು. ಕೇಳಿದರೆ, ಹಿಂದಿನ ದಿನವೇ ಬೋರ್‌ವೆಲ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಇಟ್ಟಿದ್ದಂತೆ. ಆ ಮಗುವಿನ ಮುಖ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೊದಲು ನಾವು ಹುಡುಕುತ್ತಿರುವುದು ಏನನ್ನು ಅಂತ ತಿಳಿದಿರಲಿ. ಹೈಡ್ರೋಜನ್ ಪರಮಾಣುವಿನ ನಡುವೆ ಒಂದು ಪ್ರೋಟಾನ್, ಹೊರಗೆ ಒಂದು ಎಲೆಕ್ಟ್ರಾನ್, ಅಷ್ಟೇ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ ನೀರಿನಲ್ಲಿ ಕರಗಿದಾಗ ತನ್ನ ಹೈಡ್ರೋಜನ್ನನ್ನು ಬಿಟ್ಟುಕೊಡುತ್ತೆ, ಆದರೆ ಅದರ ಎಲೆಕ್ಟ್ರಾನನ್ನು ತಾನೇ ಇಟ್ಟುಕೊಳ್ಳುತ್ತೆ. ಇದ್ದ ಒಂದು ಎಲೆಕ್ಟ್ರಾನೂ ಹೋದರೆ ಉಳಿಯುವುದು ಬರೀ ಪ್ರೋಟಾನ್. ಅದು ಒಂಟಿಯಾಗಿ ನಿಲ್ಲುವುದಿಲ್ಲ, ಪಕ್ಕದ ನೀರಿನ ಅಣುವಿಗೆ ಅಂಟಿಕೊಳ್ಳುತ್ತೆ. ಕ್ಷಾರದಲ್ಲಿ ಜಾಸ್ತಿ ಇರುವುದು ಹೈಡ್ರಾಕ್ಸೈಡ್ ಅಯಾನು (ವಿದ್ಯುದಾವೇಶ ಇರುವ ಕಣ), ಅಂದರೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಜೋಡಿ, ಮೇಲೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ. ಕೆಂಪು ದಾಸವಾಳದಲ್ಲಿ ಆಂಥೋಸಯನಿನ್ ಅನ್ನುವ ಬಣ್ಣ ಇದೆ. ಅದರ ಅಣು ಆಮ್ಲದಲ್ಲಿ ಪ್ರೋಟಾನ್ ಹಿಡಿದುಕೊಂಡಾಗ ಗುಲಾಬಿ, ಕ್ಷಾರದಲ್ಲಿ ಬಿಟ್ಟುಕೊಟ್ಟಾಗ ಹಸಿರು. ಇಡೀ ಪರೀಕ್ಷೆ ಇಷ್ಟೇ.

ಹೂವು: ಒಂದೆಳೆ ಕೆಂಪು ದಾಸವಾಳ ಎಂಟು-ಹತ್ತು ಸಾಕು. ತೊಟ್ಟು, ಕೇಸರ ಕಿತ್ತು ಎಸಳು ಮಾತ್ರ ತಗೊಳ್ಳಿ.

ನೀರು: ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ವಾ, ಆ ನೀರಿನಲ್ಲಿ ಬೈಕಾರ್ಬನೇಟ್ ಕರಗಿರುತ್ತೆ. ಕುದಿಸಿದಷ್ಟೂ ನೀರು ಕ್ಷಾರದ ಕಡೆಗೆ ವಾಲುತ್ತೆ. ಅದರಲ್ಲಿ ಹೂವು ನೆನೆಸಿದರೆ ಪರೀಕ್ಷೆ ಶುರುವಾಗುವ ಮೊದಲೇ ಬಣ್ಣ ಕೆಡುತ್ತೆ. ಮೇಲೆ ಹಾಕಿದ ಎರಡು ತೊಟ್ಟು ನಿಂಬೆಯನ್ನೂ ಆ ಬೈಕಾರ್ಬನೇಟೇ ನುಂಗಿಬಿಡುತ್ತೆ. ಅದಕ್ಕೇ ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡೂ ಮಾರುತ್ತಾರೆ, ಕ್ಯಾನಿನ ಮೇಲೆ ಬರೆದಿರುವುದನ್ನು ಓದಿಯೇ ತಗೊಳ್ಳಿ. ಆರ್‌ಒ ನೀರಾದರೂ ನಡೆಯುತ್ತೆ.

ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ. ಅಲ್ಯೂಮಿನಿಯಂ ಬೇಡ, ಕಬ್ಬಿಣವೂ ಬೇಡ. ಈ ಬಣ್ಣ ಆ ಲೋಹಗಳ ಜೊತೆ ಸೇರಿ ನೀಲಿ ಕಡೆಗೆ ತಿರುಗುತ್ತೆ. ಪಾತ್ರೆ ತೊಳೆದ ಸೋಪು ಅಂಚಿನಲ್ಲಿ ಸ್ವಲ್ಪ ಉಳಿದಿದ್ದರೂ ಸಾಕು, ಹಸಿರು ಛಾಯೆ ಬರುತ್ತೆ. ಹಾಗಾಗಿ ಕೊನೆಯ ಎರಡು ಸಲ ಅದೇ ಮಳೆನೀರಿನಲ್ಲೋ ಡಿಸ್ಟಿಲ್ಡ್ ನೀರಿನಲ್ಲೋ ತೊಳೆಯಿರಿ.

ಇನ್ನು ಬಿಸಿ. ಎಸಳು ಹಾಕಿ ಕುದಿಸಬೇಡಿ, ಬಣ್ಣ ಕಂದು ಬರುತ್ತೆ. ಒಂದು ಲೋಟ ನೀರು ಕಾಯಲು ಇಡಿ, ತಳದಿಂದ ಸಣ್ಣ ಗುಳ್ಳೆ ಏಳಲು ಶುರುವಾದಾಗ ಒಲೆ ಆರಿಸಿ, ಎಸಳಿನ ಮೇಲೆ ಸುರಿದು ತಟ್ಟೆ ಮುಚ್ಚಿ. ಇಪ್ಪತ್ತು ನಿಮಿಷಕ್ಕೆ ಎಸಳು ಪೇಲವವಾಗಿ, ನೀರು ಗುಲಾಬಿ ಬೆರೆತ ನೇರಳೆ ಆಗಿರುತ್ತೆ. ಹಿಂಡದೆ ಬಟ್ಟೆಯಲ್ಲಿ ಸೋಸಿ. ಅವತ್ತೇ ಬಳಸಿ. ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ತಡೆಯಬಹುದು, ನಾನಂತೂ ಹೊಸದಾಗಿಯೇ ಮಾಡುತ್ತೇನೆ.

ಕಾಗದದ ಪಟ್ಟಿ ಬೇಕು ಅನ್ನುವವರು ಫಿಲ್ಟರ್ ಪೇಪರ್ ಅದ್ದಿ ನೆರಳಲ್ಲಿ ಒಣಗಿಸಿ. ಜೆರಾಕ್ಸ್ ಪೇಪರ್ ಬೇಡ. ಈಗಿನ ಹೆಚ್ಚಿನ ಜೆರಾಕ್ಸ್ ಪೇಪರಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಅನ್ನುವ ಕ್ಷಾರದ ಕಡೆಯ ಪುಡಿ ಇರುತ್ತೆ, ಪಟ್ಟಿ ಒಣಗುವಷ್ಟರಲ್ಲಿ ತಾನೇ ಬಣ್ಣ ಬದಲಿಸುತ್ತೆ.

ಪರೀಕ್ಷೆ: ಬಿಳಿ ಪಿಂಗಾಣಿ ಬಟ್ಟಲಿಗೆ ಎರಡೆರಡು ಚಮಚ ದಾಸವಾಳದ ನೀರು ಹಾಕಿ, ಒಂದೊಂದಕ್ಕೆ ಒಂದೊಂದು ಬೇರೆ ಚಮಚ ಇಟ್ಟುಕೊಳ್ಳಿ. ನಿಂಬೆ, ಹುಣಸೆರಸ, ಮೊಸರಿನ ತಿಳಿ ಗುಲಾಬಿ ಕಡೆಗೆ. ಅಡಿಗೆ ಸೋಡಾ, ಸೋಪಿನ ನೀರು, ಸುಣ್ಣದ ತಿಳಿ ಹಸಿರು ಕಡೆಗೆ. ಸುಣ್ಣದ ತಿಳಿಗೆ ವೀಳ್ಯದೆಲೆಗೆ ಹಚ್ಚುವ ಸುಣ್ಣ ಕಡಲೆಕಾಳಿನಷ್ಟನ್ನು ಒಂದು ಲೋಟ ನೀರಿಗೆ ಕದಡಿ, ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ತೆಗೆಯಿರಿ. ನೀರು ಬಿದ್ದರೆ ಬುಸುಗುಟ್ಟುವ ಸುಟ್ಟ ಸುಣ್ಣದ ಹರಳು ಮಕ್ಕಳ ಕೈಗೆ ಕೊಡಲೇಬೇಡಿ. ಟಾಯ್ಲೆಟ್ ಕ್ಲೀನರೂ ಬೇಡ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಸುಣ್ಣದಲ್ಲಿ ಬಂದ ಹಸಿರನ್ನು ತಕ್ಷಣ ನೋಡಿಕೊಳ್ಳಿ, ಬಿಟ್ಟರೆ ಹಳದಿಗೆ ತಿರುಗುತ್ತೆ.

ಅರಿಶಿನ ಸಾಲದಾ ಅಂತ ಕೇಳುತ್ತಾರೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದಾಗ ಕೆಂಪು ಹರಡುವುದನ್ನು ಎಲ್ಲರೂ ನೋಡಿದ್ದೇವೆ. ಅದೂ ಸೂಚಕವೇ, ಅಂದರೆ ಬಣ್ಣ ಬದಲಿಸಿ ಸುಳಿವು ಕೊಡುವ ವಸ್ತು. ಆದರೆ ಅರಿಶಿನ ಕ್ಷಾರವನ್ನು ಮಾತ್ರ ಹೇಳುತ್ತೆ. ನಿಂಬೆ ಹಾಕಿದರೂ ಹಳದಿ, ಬರೀ ನೀರಿಗೂ ಹಳದಿ. ಎರಡೂ ಕಡೆ ತೋರಿಸಲು ದಾಸವಾಳವೇ ಬೇಕು.

ಈಗ ನನಗೆ ತುಂಬಾ ಇಷ್ಟವಾದ ಹಂತ. ಸುಣ್ಣದಿಂದ ಹಸಿರಾದ ಬಟ್ಟಲಿಗೆ ನಿಂಬೆರಸ ಹಾಕಿ ನೇರಳೆಗೆ ತಂದು ನಿಲ್ಲಿಸುವುದು. ಇಲ್ಲಿ ಚಮಚದಲ್ಲಿ ಸುರಿಯುವವರೇ ಜಾಸ್ತಿ, ಸುರಿದರೆ ಹಸಿರಿನಿಂದ ಸೀದಾ ಗುಲಾಬಿಗೆ ಹಾರುತ್ತೆ. ಒಂದು ಚಮಚ ನಿಂಬೆರಸಕ್ಕೆ ಹತ್ತು ಚಮಚ ನೀರು ಬೆರೆಸಿ, ಡ್ರಾಪರಿನಿಂದ ಒಂದೊಂದೇ ತೊಟ್ಟು ಹಾಕಿ, ಪ್ರತಿ ತೊಟ್ಟಿಗೂ ಕಲಕಿ. ತುಂಬಾ ಹೊತ್ತು ಏನೂ ಆಗದ ಹಾಗೆ ಕಾಣುತ್ತೆ. ಆಮೇಲೆ ಒಂದೇ ತೊಟ್ಟಿಗೆ ಬಣ್ಣ ಹೊರಳುತ್ತೆ. ಆಮ್ಲ, ಕ್ಷಾರ ಎಷ್ಟು ಅಂತ ಹೇಳುವ ಪಿಎಚ್ ಅಳತೆಯನ್ನು 1909ರಲ್ಲಿ ಕೋಪನ್‌ಹೇಗನ್‌ನ ರಸಾಯನ ವಿಜ್ಞಾನಿ ಸೊರೆನ್‌ಸನ್ ತಂದರು. ಅದರಲ್ಲಿ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ತಟಸ್ಥದ 7ರ ಹತ್ತಿರ ಆಮ್ಲದ್ದು, ಕ್ಷಾರದ್ದು ಎರಡೂ ಬಗೆಯ ಅಯಾನು ತೀರಾ ಕಡಿಮೆ ಇರುವುದರಿಂದ ಒಂದು ತೊಟ್ಟೇ ಅಲ್ಲಿ ಕೆಲಸ ಮುಗಿಸಿಬಿಡುತ್ತೆ.

ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವವರನ್ನು ಗಮನಿಸಿ. ಕಬ್ಬಿನ ಹಾಲು ಸ್ವಲ್ಪ ಹುಳಿಯ ಕಡೆಗೇ ಇರುತ್ತೆ, ಪಿಎಚ್ 5ರ ಮೇಲೆ. ಹಾಗೇ ಕಾಯಿಸಿದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ಸುಣ್ಣ ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತೆ. ಅದಕ್ಕೇ ಅವರು ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಕೊಪ್ಪರಿಗೆಯ ಬಣ್ಣ ನೋಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ಸುಣ್ಣ ಹಾಕುವ ಮುಂಚಿನ ಒಂದು ಲೋಟ, ಹಾಕಿದ ಮೇಲಿನ ಒಂದು ಲೋಟ ಕೇಳಿ ತನ್ನಿ. ಈ ಸಣ್ಣ ವ್ಯತ್ಯಾಸಕ್ಕೆ ದಾಸವಾಳ ಸಾಲದು, ಲ್ಯಾಬ್ ಸಾಮಾನಿನ ಅಂಗಡಿಯ ಪಿಎಚ್ ಪೇಪರ್ ಒಂದು ಪುಸ್ತಕ ಜೊತೆಗಿರಲಿ.