ಹೀಬ್ರೂ ಅಕ್ಷರ, 119ನೇ ಕೀರ್ತನೆ, 22 ವಾರ: ಹಿರಿಯರ ಜೊತೆ ಕಲಿತ ಅನುಭವ

'ಈ ವಯಸ್ಸಿನ್ಯಾಗ ಇನ್ನೇನ್ ಕಲೀತೀವ್ರೀ' ಅನ್ನೋ ಮಾತು ಬೆಟಗೇರಿಯಲ್ಲೂ ಕೇಳುತ್ತದೆ, ಹುಬ್ಬಳ್ಳಿಯಲ್ಲೂ ಕೇಳುತ್ತದೆ. ಧಾರವಾಡದಲ್ಲಿ ದುಡಿದ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ, ಅರವತ್ತು ದಾಟಿದ ಮೇಲೆ. ಅರವತ್ತು ದಾಟಿದವರಿಗೆ ಇಷ್ಟು ಹೇಳಿ ಪಾಟಿ ಕೈಗೆ ಕೊಡುತ್ತೇವೆ.

ಬಾಯಿಪಾಠವಾಗಿರುವ ಬೈಬಲ್‌ನ 23ನೇ ಕೀರ್ತನೆಯನ್ನು ದಿನಾ ಹೇಳುವುದು ಪ್ರಾರ್ಥನೆಗೆ ಒಳ್ಳೆಯದು, ಆದರೆ ಅದರಲ್ಲಿ ಮಿದುಳಿಗೆ ದುಡಿಮೆ ಕಡಿಮೆ. ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುವುದು ಗೊತ್ತಿಲ್ಲದ್ದನ್ನು ಗಮನಕೊಟ್ಟು ಕಲಿತು, ಮರೆಯುವ ಅಂಚಿನಲ್ಲಿ ಮತ್ತೆ ನೆನಪಿಸಿಕೊಂಡಾಗ. ಅದಕ್ಕೇ ಕೀರ್ತನೆಗಳ ಮೂಲಭಾಷೆಯಾದ ಹೀಬ್ರೂವಿನ ಅಕ್ಷರ ಆರಿಸಿಕೊಂಡೆವು. 119ನೇ ಕೀರ್ತನೆಯಲ್ಲಿ 176 ವಚನ, ಎಂಟೆಂಟರ 22 ಭಾಗ. ಹೀಬ್ರೂ ಅಕ್ಷರಗಳೂ 22. ಒಂದು ಭಾಗದ ಎಂಟೂ ವಚನ ಒಂದೇ ಅಕ್ಷರದಿಂದ ಶುರು. ಕನ್ನಡ ಅನುವಾದದಲ್ಲಿ ಈ ಕಟ್ಟಣೆ ಕಾಣುವುದಿಲ್ಲ.

ವಾರಕ್ಕೆ ಒಂದೇ ಅಕ್ಷರ. ರವಿವಾರದ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಕೂಡುತ್ತೇವೆ. ಅಕ್ಷರವನ್ನು 36 ಪಾಯಿಂಟ್ ಗಾತ್ರದಲ್ಲಿ ಮುದ್ರಿಸಿ ಕೊಡಬೇಕು, ಸಣ್ಣದಾದರೆ ಕಣ್ಣು ಸೋತು ತಪ್ಪನ್ನೇ ಕಲಿಯುತ್ತಾರೆ. ಉಳಿದ ದಿನ ಮನೆಯಲ್ಲಿ ಹದಿನೈದು ನಿಮಿಷ: ಎರಡು ನಿಮಿಷ ನೋಡಿ, ಹಾಳೆ ಮಗುಚಿ, ಪಾಟಿಯ ಮೇಲೆ ಐದು ಸಲ ಬರೆದು, ಆಮೇಲೆ ತಾಳೆ ನೋಡುವುದು. ನೋಡಿಕೊಂಡೇ ನೂರು ಸಲ ನಕಲು ಮಾಡುವವರಿದ್ದಾರೆ. ಕೈ ನೋಯುತ್ತದೆ, ಅಕ್ಷರ ನಿಲ್ಲುವುದಿಲ್ಲ. ಅದಾದ ಮೇಲೆ ಹೋದ ವಾರದ ಅಕ್ಷರ ಒಂದು ಸಲ. ಕಡೆಗೆ ಆ ಭಾಗದ ಒಂದು ವಚನ ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು. ವಚನ ಎಂಟು, ದಿನ ಏಳು, ಹಾಗಾಗಿ ರವಿವಾರ ಎರಡು. ರಾತ್ರಿ ನಿದ್ದೆಗೆಟ್ಟರೆ ಕಲಿತದ್ದು ಊರುವುದಿಲ್ಲ. ಮದುವೆ, ಸುಗ್ಗಿ ಅಂತ ವಾರ ತಪ್ಪಿದವರು ಅಲ್ಲಿಂದಲೇ ಮುಂದುವರಿಯಬೇಕು, ಎರಡಕ್ಷರ ಒಟ್ಟಿಗೆ ಹಿಡಿಯಬಾರದು.

ತೊಡಕು ಬರುವುದು ಒಂದನ್ನೊಂದು ಹೋಲುವ ಅಕ್ಷರಗಳಲ್ಲಿ. ನಾಲ್ಕನೆಯದಾದ ದಾಲೆತ್‌ನ ಬಲ ಮೂಲೆ ಚೂಪು, ಇಪ್ಪತ್ತನೆಯದಾದ ರೇಶ್‌ನದು ದುಂಡು. ನಡುವೆ ಹದಿನಾರು ವಾರ ಇರುವುದರಿಂದ ಅಷ್ಟು ಕಾಡುವುದಿಲ್ಲ. ಬೇತ್, ಕಾಫ್ ನಡುವೆ ಒಂಬತ್ತು ವಾರ. ಐದನೆಯ ಹೇ, ಎಂಟನೆಯ ಹೇತ್ ನಡುವೆ ಮೂರೇ ವಾರ, ಹೆಚ್ಚಿನವರು ಸೋಲುವುದು ಅಲ್ಲೇ. 'ಹೇ'ಯ ಎಡಗಾಲಿನ ಮೇಲೆ ಸಂದು ಉಂಟು, ಹೇತ್‌ನ ಎಡಗಾಲು ಮೇಲಿನ ಗೆರೆಗೆ ಕೂಡಿರುತ್ತದೆ. ಎಂಟನೇ ವಾರ ಎರಡನ್ನೂ ಪಕ್ಕದಲ್ಲಿಟ್ಟು ಕೊಟ್ಟ ಮೇಲೆ ಈ ಗೊಂದಲ ಕಡಿಮೆಯಾಯಿತು.

ದಾಲೆತ್ ಭಾಗದಲ್ಲಿ 26, 27, 29, 30, 32ನೇ ವಚನಗಳು 'ದೆರೆಖ್' ಅನ್ನುವ ಪದದ ರೂಪದಿಂದಲೇ ಶುರುವಾಗುತ್ತವೆ. ಅರ್ಥ ದಾರಿ. ಕನ್ನಡದ ದಾರಿಯೂ ದಕಾರದ್ದೇ, ಹಿಡಿದಿಟ್ಟುಕೊಳ್ಳಲು ಸುಲಭ. ಎಷ್ಟೋ ವರ್ಷದಿಂದ ಈ ಭಾಗ ಓದಿದವರಿಗೂ 25ನೇ ವಚನದಲ್ಲಿ ಧೂಳಿಗಂಟಿದ್ದೇನೆ ಅನ್ನುವ ಮನುಷ್ಯ ಐದು ಸಲ ದಾರಿಯ ಮಾತೆತ್ತುತ್ತಾನೆ ಅನ್ನುವುದು ಈಗ ಹೊಸದಾಗಿ ಕಾಣುತ್ತದೆ. ನಂಬಿಕೆಗೆ ಬಲ ಸಿಗುವುದು ಇಲ್ಲಿ ಅಂತ ನನ್ನ ಖಚಿತ ಅಭಿಪ್ರಾಯ: ಹಳೆಯ ವಾಕ್ಯವನ್ನು ನಿಧಾನವಾಗಿ ಓದುತ್ತೇವೆ, ಪ್ರಾರ್ಥನೆಯಲ್ಲಿ ಹೊಸ ಮಾತು ಬರುತ್ತದೆ.

ಇದು ಮರೆವಿನ ಕಾಯಿಲೆಗೆ ಔಷಧವಲ್ಲ. ಓಡಾಡುವ ದಾರಿಯೇ ತಪ್ಪುತ್ತಿದ್ದರೆ, ಹಣದ ಲೆಕ್ಕ ಹಿಡಿಯದಿದ್ದರೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಕಿವಿ ಮಂದವಾದವರನ್ನು ಮುಂದೆ ಕೂರಿಸಿ.

'ನಿನ್ನ ವಾಕ್ಯ ನನ್ನ ಕಾಲಿಗೆ ದೀಪ' ಅನ್ನುವ 105ನೇ ವಚನ ಹದಿನಾಲ್ಕನೇ ಅಕ್ಷರ ನೂನ್‌ನದು, ಮೊದಲ ಪದ 'ನೇರ್', ದೀಪ. ಅಲ್ಲಿಗೆ ಬರುವಷ್ಟರಲ್ಲಿ ಹೀಬ್ರೂವನ್ನು ಬಲದಿಂದ ಎಡಕ್ಕೆ ಓದಲು ಕಣ್ಣು ಹೊಂದಿಕೊಂಡಿರುತ್ತದೆ. ಕಡೆಯ ತಾವ್ ಭಾಗದ 176ನೇ ವಚನ ತಪ್ಪಿಸಿಕೊಂಡ ಕುರಿಯದು, ಶುರುವಾಗುವುದು 'ತಾಈತಿ'ಯಿಂದ, ಅಂದರೆ ದಾರಿ ತಪ್ಪಿದೆನು. ಅದನ್ನು ಓದಿದವರಿಗೆ ಮುಂದಿನ ರವಿವಾರ ಸ್ವರಚಿಹ್ನೆಯ ಹಾಳೆ ಕೊಡುತ್ತೇವೆ.